ಅವಳ ಊರಲ್ಲೂ ಒಂದು ತಾರಿ ಇದೆ

2013ರ ಡಿಸೆಂಬರ್. ನಾನು ಕುಮಟೆಯಲ್ಲಿ ಮೊದಲ ವರ್ಷದ ಪಿಯುಸಿ ಓದುತ್ತಿದ್ದೆ. ಮನೆ ತದಡಿಯಲ್ಲಿ. ದಿನಾ ಬೆಳಿಗ್ಗೆ ತಾರಿ ಹತ್ತಿ ಅಘನಾಶಿನಿ ಹೊಳೆ ದಾಟುವುದು, ಆಚೆ ದಡದಲ್ಲಿ ಇಳಿದು ಬಸ್ಸು ಹಿಡಿಯುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್. ರಸ್ತೆ ಮೇಲೆ ಹೋಗಬೇಕೆಂದರೆ ಗೋಕರ್ಣ, ಮಾದನಗೇರಿ, ಮಿರ್ಜಾನ್ ಎಲ್ಲ ಸುತ್ತಬೇಕು. ಹೊಳೆ ದಾಟಲು ಹದಿನೈದು ನಿಮಿಷ ಸಾಕು.

ಅಣ್ಣ ಆ ವರ್ಷ ಓಂ ಬೀಚಿನ ಒಂದು ಶ್ಯಾಕ್‌ನಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದ. ಅಲ್ಲಿ ದಿನಾ ಊಟಕ್ಕೆ ಬರುತ್ತಿದ್ದ ಒಬ್ಬಳು ವಿದೇಶಿ ಹುಡುಗಿ ಅವನ ಮೆಮೊರಿ ಕಾರ್ಡಿಗೆ ಒಂದಷ್ಟು ಹಾಡು ಹಾಕಿಕೊಟ್ಟಿದ್ದಳು. ರವಿವಾರ ಮನೆಗೆ ಬಂದವನು ಫೋನು ನನ್ನ ಕೈಗೆ ಕೊಟ್ಟು, 'ತಂಗಿ, ಇದರಲ್ಲಿ ಒಂದು ಹಾಡಿದೆ ನೋಡು, ಬರೀ ಚಿಟಿಕೆ ಹೊಡೀತಾರೆ' ಅಂದ.

ನಿಜಕ್ಕೂ ಹಾಗೇ ಇತ್ತು. ಒಂದು ಡೋಲಿನಂಥ ಪೆಟ್ಟು, ಒಂದು ಚಿಟಿಕೆ, ಅದರ ಮೇಲೆ ಒಂದು ಹುಡುಗಿಯ ದನಿ. ಗಿಟಾರ್ ಇಲ್ಲ, ಪಿಟೀಲು ಇಲ್ಲ. ಹಿಂದೆ ನಾಲ್ಕಾರು ಜನ ಸೇರಿ ಹಾಡಿದ ಹಾಗೆ ಕೇಳುತ್ತದಲ್ಲ, ಅದೂ ಅವಳದೇ ದನಿ, ಒಂದರ ಮೇಲೊಂದು ಇಟ್ಟದ್ದು. ದನಿ ದಪ್ಪ, ಸ್ವಲ್ಪ ಒರಟು. ಹೆಣ್ಣುಮಕ್ಕಳ ದನಿ ಸಣ್ಣಗೆ, ಜೇನಿನ ಹಾಗೆ ಇರಬೇಕು ಅಂತಲೇ ನಮಗೆಲ್ಲ ಹೇಳಿಕೊಟ್ಟಿದ್ದರು. ನನ್ನ ದನಿಯೂ ದಪ್ಪ. ಶಾಲೆಯ ಪ್ರಾರ್ಥನೆಗೆ ನನ್ನನ್ನು ಯಾವಾಗಲೂ ಹಿಂದಿನ ಸಾಲಲ್ಲಿ ನಿಲ್ಲಿಸುತ್ತಿದ್ದರು. ಆ ಹಾಡು ಮುಗಿದ ಕೂಡಲೇ ಮತ್ತೆ ಹಾಕಿದೆ. ಮತ್ತೆ ಹಾಕಿದೆ. ಆಯಿ ಒಳಗಿನಿಂದ 'ಅದೆಂತ ಹಾಡೇ, ಒಂದೇ ಕಡೆ ಸಿಕ್ಕಿಬಿದ್ದಿದೆ?' ಅಂತ ಕೂಗಿದಳು.

ನನ್ನ ಚಿಕ್ಕಪ್ಪ ಶನಿವಾರದ ಭಜನೆಗೆ ಹಾರ್ಮೋನಿಯಂ ಹಿಡಿಯುವವರು. ಅವರಿಗೆ ಕೇಳಿಸಿದೆ. ಇಂಗ್ಲಿಷ್ ಹಾಡು ಅಂತ ಮುಖ ತಿರುಗಿಸುತ್ತಾರೆ ಅಂದುಕೊಂಡಿದ್ದೆ. ಅವರು ಪೆಟ್ಟಿಗೆ ಎಳೆದುಕೊಂಡು, ಷಡ್ಜ ಹುಡುಕಿ, ಎರಡು ಸಲ ನುಡಿಸಿ ನೋಡಿದರು. 'ನಿಷಾದ ಕೋಮಲ. ಬಾಕಿ ಎಲ್ಲ ಶುದ್ಧ. ಇದು ನಮ್ಮ ಖಮಾಜ್ ಥಾಟೇ' ಅಂದರು. ಆಮೇಲೆ ಎಷ್ಟೋ ವರ್ಷದ ಮೇಲೆ ನಾನು ಓದಿದೆ, ಪಾಶ್ಚಾತ್ಯ ಸಂಗೀತದವರು ಆ ಹಾಡಿನ ಸ್ವರಗಳನ್ನು ಮಿಕ್ಸೊಲಿಡಿಯನ್ ಅನ್ನುತ್ತಾರೆ. ಖಮಾಜ್ ಥಾಟಿನ ಸ್ವರಗಳೂ ಅವೇ. ಚಿಕ್ಕಪ್ಪ ಆ ಹೆಸರು ಕೇಳಿದವರೇ ಅಲ್ಲ. ಕಿವಿಯಲ್ಲೇ ಹಿಡಿದರು.

ಹಾಡಿನ ಹೆಸರು ರಾಯಲ್ಸ್. ಹಾಡಿದವಳು ಲಾರ್ಡ್.

ಮುಂದಿನ ವಾರ ಕುಮಟೆಯ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್‌ಗೆ ಹೋಗಿ ಕೂತೆ. ಗಂಟೆಗೆ ಇಪ್ಪತ್ತು ರೂಪಾಯಿ. ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು, ಒಂದೊಂದು ಸಾಲಿಗೂ ಒದ್ದಾಡಬೇಕಿತ್ತು. ಆದರೂ ಅವಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೊದಲು ಕಣ್ಣಿಗೆ ಬಿದ್ದದ್ದು ಹುಟ್ಟಿದ ದಿನ. 1996ರ ನವೆಂಬರ್ 7. ನಾನು ಹುಟ್ಟಿದ್ದು 1997ರ ಜನವರಿಯಲ್ಲಿ. ನನಗಿಂತ ಎರಡು ತಿಂಗಳು ದೊಡ್ಡವಳು, ಅಷ್ಟೇ! ನಿಜವಾದ ಹೆಸರು ಎಲ್ಲಾ ಯೆಲಿಚ್ ಓಕಾನರ್. ನ್ಯೂಜಿಲೆಂಡಿನ ಆಕ್ಲಂಡ್ ನಗರದ ಪಕ್ಕದ ಡೆವನ್‌ಪೋರ್ಟ್‌ನಲ್ಲಿ ಬೆಳೆದವಳು. ಡೆವನ್‌ಪೋರ್ಟ್‌ನಿಂದ ಪೇಟೆಗೆ ಹೋಗುವವರು ಫೆರಿ ಹತ್ತುತ್ತಾರೆ. ಹನ್ನೆರಡು ನಿಮಿಷದ ದಾರಿ. ರಸ್ತೆಯಲ್ಲಿ ಹೋದರೆ ಸೇತುವೆ ಸುತ್ತಿ ಹೋಗಬೇಕು. ನಾನು ಸೈಬರ್‌ನಲ್ಲಿ ಕೂತು ಆ ನಕಾಶೆಯನ್ನೇ ನೋಡುತ್ತಿದ್ದೆ. ಅವಳ ಊರಲ್ಲೂ ಒಂದು ತಾರಿ ಇದೆ.

ಆಗ ಪತ್ರಿಕೆಗಳೆಲ್ಲ ಒಂದೇ ಮಾತು ಬರೆಯುತ್ತಿದ್ದವು. ಹದಿನಾರರ ಹುಡುಗಿ, ರಾತ್ರೋರಾತ್ರಿ ಜಗತ್ಪ್ರಸಿದ್ಧಿ. ಆ ರಾತ್ರೋರಾತ್ರಿ ಅನ್ನುವ ಮಾತು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಯಾಕೆ ಅಂತ ಹೇಳುತ್ತೇನೆ. ಈ ಬರಹ ಬರೆಯುತ್ತಿರುವುದೂ ಅದಕ್ಕಾಗಿಯೇ.

ಅವಳ ತಾಯಿ ಸೋನ್ಯಾ ಯೆಲಿಚ್ ಕವಿ. ಬಹುಮಾನ ಪಡೆದ ಕವಿ. ತಂದೆ ಸಿವಿಲ್ ಎಂಜಿನಿಯರ್. ನಾಲ್ಕು ಮಕ್ಕಳಲ್ಲಿ ಇವಳು ಎರಡನೆಯವಳು. ಮನೆ ತುಂಬ ಪುಸ್ತಕ. ಐದು ವರ್ಷಕ್ಕೇ ನಾಟಕದ ಗುಂಪಿಗೆ ಸೇರಿದ್ದಳು. ಹದಿನಾಲ್ಕರ ಹೊತ್ತಿಗೆ ತಾಯಿ ಸ್ನಾತಕೋತ್ತರ ಪದವಿಗೆ ಬರೆದ 40,000 ಪದಗಳ ಪ್ರಬಂಧವನ್ನು ಕೂತು ತಿದ್ದಿಕೊಟ್ಟವಳು ಇವಳೇ. ಹಾಡಿನಲ್ಲಿ ಒಂದು ಶಬ್ದವೂ ಜಾಸ್ತಿ ಇಲ್ಲವಲ್ಲ, ಆ ಕೈ ಎಲ್ಲಿ ಪಳಗಿತು ಅಂತ ಇದನ್ನು ಓದಿದಾಗ ಗೊತ್ತಾಯಿತು.

2009ರಲ್ಲಿ ಬೆಲ್ಮಾಂಟ್ ಇಂಟರ್‌ಮೀಡಿಯೆಟ್ ಶಾಲೆಯ ಪ್ರತಿಭಾ ಸ್ಪರ್ಧೆಯಲ್ಲಿ ಹಾಡಿದಳು. ಜೊತೆಗೆ ಗಿಟಾರ್ ಹಿಡಿದ ಒಬ್ಬ ಸ್ನೇಹಿತ. ಹಾಡಿದ್ದು ಬೇರೆ ಗಾಯಕಿಯರ ಹಾಡುಗಳನ್ನು. ಆ ಹುಡುಗನ ತಂದೆ ಅವರ ಹಾಡಿನ ಧ್ವನಿಮುದ್ರಣವನ್ನು ಯೂನಿವರ್ಸಲ್ ಅನ್ನುವ ಸಂಗೀತ ಕಂಪನಿಯಲ್ಲಿ ಹೊಸ ಗಾಯಕರನ್ನು ಹುಡುಕುವ ಕೆಲಸದಲ್ಲಿದ್ದ ಸ್ಕಾಟ್ ಮೆಕ್ಲಾಕ್ಲನ್ ಅವರಿಗೆ ಕಳಿಸಿದರು. ದನಿ ಕೇಳಿ ಅವರು ಹುಡುಗಿಯ ಜೊತೆ ಒಪ್ಪಂದ ಮಾಡಿಕೊಂಡರು. ತಕ್ಷಣ ಆಲ್ಬಮ್ ತರುವ ಒಪ್ಪಂದ ಅದಲ್ಲ. ಬೆಳೆಸುವ ಒಪ್ಪಂದ. ನಮ್ಮ ಕಡೆ ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಯಾರಾದರೂ ಪ್ರಧಾನ ವೇಷ ಕೊಡುತ್ತಾರಾ? ಇಲ್ಲ. ಬಾಲಗೋಪಾಲ ಕುಣಿಯಬೇಕು, ಚೌಕಿಯಲ್ಲಿ ಕೂತು ಹಿರಿಯರು ಬಣ್ಣ ಹಚ್ಚುವುದನ್ನು ನೋಡಬೇಕು. ಅದೇ ಥರ.

ಮೊದಲು ಕಂಪನಿಗೆ ಇದ್ದ ಯೋಚನೆ ಏನೆಂದರೆ, ಸೋಲ್ ಅನ್ನುವ ಅಮೆರಿಕದ ಶೈಲಿಯ ಹಳೆಯ ಹಾಡುಗಳನ್ನು ಇವಳ ದನಿಯಲ್ಲಿ ಹಾಡಿಸಿ ಒಂದು ಆಲ್ಬಮ್ ತರುವುದು. ದನಿ ಚೆನ್ನಾಗಿದೆ, ಹಾಡುಗಳು ಜನಕ್ಕೆ ಗೊತ್ತಿವೆ, ಮಾರಾಟ ಸುಲಭ. ಹುಡುಗಿ ಒಲ್ಲೆ ಅಂದಳು. ನನ್ನ ಹಾಡನ್ನು ನಾನೇ ಬರೆಯುತ್ತೇನೆ ಅಂದಳು. ಆ ವಯಸ್ಸಿನಲ್ಲಿ! ಅದಕ್ಕಿಂತ ದೊಡ್ಡ ಮಾತೆಂದರೆ, ದೊಡ್ಡವರು ಆ ಮಾತನ್ನು ಕೇಳಿದರು. ಸರಿ, ಬರಿ ಅಂದರು. ವಾರಕ್ಕೆ ಎರಡು ಸಲ ದನಿಯ ಪಾಠಕ್ಕೆ ಕಳಿಸಿದರು. ಬರೆಯುವುದಕ್ಕೆ ಜೊತೆಗಾರರನ್ನು ಹುಡುಕಿದರು. ಒಬ್ಬರ ಜೊತೆ ಕೂರಿಸಿದರು, ಹೊಂದಲಿಲ್ಲ. ಇನ್ನೊಬ್ಬರ ಜೊತೆ ಕೂರಿಸಿದರು, ಹೊಂದಲಿಲ್ಲ. ಹೀಗೇ ಎರಡು ವರ್ಷಕ್ಕೂ ಜಾಸ್ತಿ ಹೋಯಿತು. ಯಾರೂ 'ಇವಳಿಂದ ಆಗುವುದಿಲ್ಲ' ಅಂತ ಕೈಬಿಡಲಿಲ್ಲ.

2011ರ ಡಿಸೆಂಬರ್‌ನಲ್ಲಿ ಜೋಯಲ್ ಲಿಟಲ್ ಸಿಕ್ಕರು. ಹಿಂದೆ ಗುಡ್‌ನೈಟ್ ನರ್ಸ್ ಅನ್ನುವ ಬ್ಯಾಂಡಿನಲ್ಲಿ ಹಾಡುತ್ತಿದ್ದವರು, ಆಗ ಆಕ್ಲಂಡಿನ ಮಾರ್ನಿಂಗ್‌ಸೈಡ್‌ನಲ್ಲಿ ಗೋಲ್ಡನ್ ಏಜ್ ಅಂತ ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದರು. ಹುಡುಗಿಗೆ ಹದಿನೈದು. ಶಾಲೆ ಬಿಡುವ ಮಾತೇ ಇಲ್ಲ. ರಜೆ ಬಂದಾಗ ಸ್ಟುಡಿಯೋಕ್ಕೆ ಬರುವುದು, ರಜೆ ಮುಗಿದರೆ ಶಾಲೆ. ಅವಳು ಸಾಹಿತ್ಯ ಬರೆದುಕೊಂಡು ಬರುತ್ತಿದ್ದಳು, ಇಬ್ಬರೂ ಸೇರಿ ಅದಕ್ಕೆ ಧಾಟಿ ಮತ್ತು ತಾಳ ಕಟ್ಟುತ್ತಿದ್ದರು. ಮೊದಮೊದಲು ಬಂದ ಹಾಡುಗಳು ಸಾಧಾರಣವೇ ಇದ್ದಿರಬೇಕು, ಯಾರದು ತಾನೇ ಮೊದಲ ಸಲಕ್ಕೆ ಚೆನ್ನಾಗಿ ಬರುತ್ತದೆ ಹೇಳಿ.

ರಾಯಲ್ಸ್ ಬರೆದದ್ದು 2012ರ ಜುಲೈ ರಜೆಯಲ್ಲಿ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅವಳು ಒಂದು ಹಳೆಯ ಫೋಟೋ ನೋಡಿದ್ದಳು. 1976ರದು. ಜಾರ್ಜ್ ಬ್ರೆಟ್ ಅನ್ನುವ ಅಮೆರಿಕದ ಬೇಸ್‌ಬಾಲ್ ಆಟಗಾರ ಚೆಂಡುಗಳ ಮೇಲೆ ಸಹಿ ಹಾಕುತ್ತಿದ್ದಾರೆ, ಅಂಗಿಯ ಮೇಲೆ ಅವರ ತಂಡದ ಹೆಸರು, ರಾಯಲ್ಸ್. ಕಾನ್ಸಸ್ ಸಿಟಿಯ ತಂಡ ಅದು. ಆಟ ಅವಳಿಗೆ ಬೇಕಾಗಿರಲಿಲ್ಲ, ಆ ಶಬ್ದ ಹಿಡಿಸಿತು. ಮನೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಸಾಹಿತ್ಯ ಬರೆದಳು. ವಾರದೊಳಗೆ ಧ್ವನಿಮುದ್ರಣ ಆಯಿತು.

ಅರ್ಧ ಗಂಟೆ ಅಂತ ಎಲ್ಲರೂ ಬಾಯಿ ಬಿಟ್ಟು ಹೇಳುತ್ತಾರೆ. ಅದರ ಹಿಂದಿನ ಮೂರು ವರ್ಷ ಯಾರೂ ಹೇಳುವುದಿಲ್ಲ. ನಮ್ಮ ಹೊಳೆಯಲ್ಲಿ ಬೆಳಚು ಆರಿಸುವ ಹೆಂಗಸರನ್ನು ನೋಡಿದ್ದೀರಾ? ಇಳಿತದ ಹೊತ್ತಿಗೆ ನೀರಿಗೆ ಇಳಿದರೆ ಸೊಂಟದ ತನಕ ನಿಂತು ಕಾಲಲ್ಲೇ ಕೆಸರು ತಡಕಿ ಚಿಪ್ಪು ಗುರುತು ಹಿಡಿಯುತ್ತಾರೆ. ನೋಡುವವರಿಗೆ ಒಂದು ನಿಮಿಷದ ಕೆಲಸ. ಆ ಕಾಲಿಗೆ ಅಷ್ಟು ಗೊತ್ತಾಗಲು ಎಷ್ಟು ಇಳಿತ ಬೇಕಾಯಿತು ಅಂತ ಆ ಹೆಂಗಸರಿಗೇ ಗೊತ್ತು.

ಹೆಸರಿನ ಬಗ್ಗೆ ಒಂದು ಮಾತು. ರಾಜಮನೆತನ, ಶ್ರೀಮಂತ ಮನೆತನಗಳ ಕಥೆಗಳೆಂದರೆ ಅವಳಿಗೆ ಇಷ್ಟ. ಅದಕ್ಕೇ ಲಾರ್ಡ್ ಅನ್ನುವ ಶಬ್ದ ಆರಿಸಿದಳು. ಆದರೆ ಅದು ಗಂಡಸರ ಬಿರುದು, ಅದಕ್ಕೇ ಕೊನೆಗೆ ಇಂಗ್ಲಿಷಿನ 'ಇ' ಅಕ್ಷರ ಸೇರಿಸಿ ಹೆಣ್ಣಿನ ಹೆಸರು ಮಾಡಿಕೊಂಡಳು. ಓದುವಾಗ ಬರುವುದಿಲ್ಲ, ಬರೆಯುವಾಗ ಕಾಣುತ್ತದೆ. ಕಾರವಾರದ ಕಡಲತೀರಕ್ಕೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಯಾಕೆಂದರೆ ಆ ತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಕೂರರೂ ಹದಿನಾರರ ವಯಸ್ಸಿನಲ್ಲಿ ಭಾನುಸಿಂಹ ಅನ್ನುವ ಬೇರೆ ಹೆಸರಿನಲ್ಲಿ ಪದ್ಯ ಅಚ್ಚು ಹಾಕಿಸಿದವರು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ಅವರ ಮನೆಗೆ ಬಂದು ಇದ್ದರು, ಅದು ಆಮೇಲೆ. ಆ ವಯಸ್ಸಿನಲ್ಲಿ ಬರೆಯುವವರಿಗೆ ಇನ್ನೊಂದು ಹೆಸರು ಬೇಕಾಗುತ್ತದೆ ಅನ್ನಿಸುತ್ತದೆ. ನನಗೂ ಒಂದಿತ್ತು. ಇಲ್ಲಿ ಬರೆಯುವುದಿಲ್ಲ.

2012ರ ನವೆಂಬರ್‌ನಲ್ಲಿ ಐದು ಹಾಡುಗಳನ್ನು ಸೌಂಡ್‌ಕ್ಲೌಡ್ ಅನ್ನುವ ಹಾಡಿನ ವೆಬ್‌ಸೈಟಿನಲ್ಲಿ ಸುಮ್ನೆ ಪುಕ್ಕಟೆ ಇಟ್ಟರು. ಸುಮಾರು 60,000 ಸಲ ಜನ ಇಳಿಸಿಕೊಂಡರು. 2013ರ ಮಾರ್ಚ್‌ನಲ್ಲಿ ಕಂಪನಿ ಅದನ್ನೇ ಮಾರಾಟಕ್ಕೆ ತಂದಿತು. ಜುಲೈನಲ್ಲಿ ಆಸ್ಟ್ರೇಲಿಯಾದ ಒಂದು ದೊಡ್ಡ ಸಂಗೀತೋತ್ಸವಕ್ಕೆ ಫ್ರಾಂಕ್ ಓಶನ್ ಅನ್ನುವ ಅಮೆರಿಕದ ಗಾಯಕ ಬರಲಾಗದೆ ಹೋದಾಗ ಆ ಜಾಗಕ್ಕೆ ಇವಳನ್ನು ಕರೆದರು. ಸೆಪ್ಟೆಂಬರ್ 27ಕ್ಕೆ ಹತ್ತು ಹಾಡುಗಳ ಮೊದಲ ಆಲ್ಬಮ್. ಅಕ್ಟೋಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ರಾಯಲ್ಸ್ ಮೊದಲ ಸ್ಥಾನಕ್ಕೆ ಏರಿತು, 9 ವಾರ ಅಲ್ಲೇ ಇತ್ತು. 1987ರಲ್ಲಿ ಟಿಫನಿ ಅನ್ನುವ ಹುಡುಗಿಯ ನಂತರ ಅಷ್ಟು ಚಿಕ್ಕ ವಯಸ್ಸಿನ ಒಂಟಿ ಗಾಯಕರು ಯಾರೂ ಆ ಜಾಗಕ್ಕೆ ಬಂದಿರಲಿಲ್ಲ. ಇವೆಲ್ಲ ಎಲ್ಲ ಕಡೆ ಸಿಗುವ ಲೆಕ್ಕ. ನನಗೆ ಮುಖ್ಯವಾದದ್ದು ಇನ್ನೊಂದು.

ರಾಯಲ್ಸ್ ಹಾಡಿನಲ್ಲಿ ಏನಿದೆ? ರೇಡಿಯೋದಲ್ಲಿ ಬರುವ ಹಾಡುಗಳಲ್ಲೆಲ್ಲ ವಜ್ರ, ದುಬಾರಿ ಕಾರು, ದುಬಾರಿ ಮದ್ಯ. ಹಾಡುತ್ತಿರುವ ಹುಡುಗಿ ವಜ್ರವನ್ನು ಕಣ್ಣಾರೆ ಕಂಡಿಲ್ಲ. ಸ್ನೇಹಿತರ ಜೊತೆ ರೈಲಿನಲ್ಲಿ ಹೋಗುತ್ತಾ ಕೈಯಲ್ಲಿರುವ ದುಡ್ಡು ಎಣಿಸುತ್ತಾಳೆ. ನಾವು ಹೀಗೆ, ನಾವು ಹೀಗೇ ಚೆನ್ನಾಗಿದ್ದೇವೆ ಅನ್ನುತ್ತಾಳೆ. ಅವಳ ಹಾಡುಗಳಲ್ಲಿ ನಾನು ಅನ್ನುವುದಕ್ಕಿಂತ ನಾವು ಅನ್ನುವುದು ಎದ್ದು ಕೇಳುತ್ತದೆ.

ನಿಘಂಟು ಇಟ್ಟುಕೊಂಡು ಆ ಸಾಲುಗಳ ಅರ್ಥ ಮಾಡಿಕೊಂಡ ದಿನ ನಾನು ತಾರಿಯ ಹಲಗೆ ಮೇಲೆ ಕೂತಿದ್ದೆ. ಪಕ್ಕದಲ್ಲಿ ಇಬ್ಬರು ಗೆಳತಿಯರು. ನಮ್ಮ ಮೂವರ ಹತ್ತಿರ ಸೇರಿ ಹನ್ನೆರಡು ರೂಪಾಯಿ ಚಿಲ್ಲರೆ ಇತ್ತು. ತಾರಿಗೆ ತಲಾ ಐದು. ಬಸ್ಸಿಗೆ ಪಾಸ್ ಇದೆ, ತಾರಿಗೆ ಇಲ್ಲ. ಮೂರು ರೂಪಾಯಿ ಕಡಿಮೆ. ನಾವು ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದೆವು. ತಾರಿ ನಡೆಸುತ್ತಿದ್ದವರು ನಮ್ಮ ಕೇರಿಯವರೇ, ನಾವೆಲ್ಲ ತಾರಿ ಮಾವ ಅನ್ನುತ್ತಿದ್ದೆವು. ಅವರು ದಿನಾ ಹೇಳುವ ಮಾತನ್ನೇ ಹೇಳಿದರು: 'ಇದ್ದವರು ಇವತ್ತು ಕೊಡಿ, ಇಲ್ಲದವರು ನಾಳೆ ಕೊಡಿ.'

ಆವತ್ತು ಆ ಮಾತು ನನ್ನ ಕಿವಿಗೆ ಹಾಡಿನ ಹಾಗೆ ಕೇಳಿತು.

ಅಲ್ಲಿಯ ತನಕ ನಾನು ಬರೆದದ್ದೆಲ್ಲ ಬೆಳದಿಂಗಳು, ಮುಂಗಾರು, ಕಾಣದ ಪ್ರೀತಿ. ರಫ್ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ. ನಮ್ಮ ಊರಿನ ಹೆಸರು ಒಂದರಲ್ಲೂ ಇರಲಿಲ್ಲ. ತದಡಿ ಅಂತ ಬರೆದರೆ ಹಾಡಾಗುತ್ತದಾ ಅನ್ನುವ ಅನುಮಾನ. ಬಂದರಿನಲ್ಲಿ ಬೋಟಿಗೆ ಐಸ್ ತುಂಬುವ ಸದ್ದು, ತಾರ್ಲೆ ಮೀನು ಬಿದ್ದ ದಿನ ಊರೆಲ್ಲ ಹಬ್ಬುವ ವಾಸನೆ, ಸಾಣಿಕಟ್ಟೆಯ ಉಪ್ಪಿನ ರಾಶಿ, ಗಜನಿ ಗದ್ದೆಯ ಕಗ್ಗದ ಭತ್ತ, ಇದನ್ನೆಲ್ಲ ಯಾರು ಹಾಡುತ್ತಾರೆ? ಅವಳ ಅದೇ ಆಲ್ಬಮ್ಮಿನಲ್ಲಿ ಟೀಮ್ ಅಂತ ಇನ್ನೊಂದು ಹಾಡಿದೆ. ಯಾವ ತೆರೆಯ ಮೇಲೂ ಯಾರೂ ನೋಡದ ಊರುಗಳಲ್ಲಿ ಇರುವವರ ಹಾಡು ಅದು. ಅದನ್ನು ಕೇಳಿದಾಗ ಎದೆ ಒಳಗೆ ಏನೋ ಸಡಿಲಾಯಿತು. ಅವಳು ಡೆವನ್‌ಪೋರ್ಟ್ ಬಗ್ಗೆ ಬರೆಯಬಹುದಾದರೆ ನಾನು ತದಡಿ ಬಗ್ಗೆ ಬರೆಯಬಹುದು ಅಲ್ವಾ?

ಹಾಗೆ ನೋಡಿದರೆ ಈ ಮಾತು ನಮ್ಮ ಪಕ್ಕದಲ್ಲೇ ಇತ್ತು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಹಾಡುಗಳನ್ನು ಜೀವಮಾನವಿಡೀ ಹಾಡಿದರು. ಶಾಲೆಗೆ ಹೋದವರಲ್ಲ. ಅವರ ಹಾಡಿನಲ್ಲಿ ಗದ್ದೆ, ನಾಟಿ, ಮದುವೆ, ಸುಗ್ಗಿ ಎಲ್ಲ ಬರುತ್ತಿತ್ತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಸುಕ್ರಜ್ಜಿಯನ್ನು ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಕಾರ್ಯಕ್ರಮದಲ್ಲಿ ಹತ್ತಿರದಿಂದ ಕೇಳಿದ್ದೆ. ಆಗ ಅದು ಅಜ್ಜಿಯಂದಿರ ಹಾಡು, ನನಗೆ ಸಂಬಂಧ ಇಲ್ಲ ಅಂದುಕೊಂಡಿದ್ದೆ. ನನ್ನ ವಯಸ್ಸಿನವಳೊಬ್ಬಳು ಬಾಯಿಬಿಟ್ಟು ಹೇಳಿದ ಮೇಲೆ ಸುಕ್ರಜ್ಜಿಯ ಹಾಡೂ ಕಿವಿಗೆ ಸರಿಯಾಗಿ ಬಿತ್ತು.

ಒಂದು ವಾರದಲ್ಲಿ ತಾರಿ ಮಾವನ ಮಾತನ್ನೇ ಪಲ್ಲವಿ ಮಾಡಿಕೊಂಡು ಒಂದು ಹಾಡು ಬರೆದೆ. ಮೂರು ನುಡಿ. ಧಾಟಿಗೆ ಚಿಕ್ಕಪ್ಪ ಸಹಾಯ ಮಾಡಿದರು. ಬೇರೆ ವಾದ್ಯ ಬೇಡ, ಚಿಟಿಕೆ ಸಾಕು ಅಂತ ನಾನೇ ಹೇಳಿದೆ. ಜನವರಿಯಲ್ಲಿ ಕಾಲೇಜಿನ ಗ್ಯಾದರಿಂಗ್ ಇತ್ತು. ಹೆಸರು ಕೊಡಲು ಹೋದೆ. ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಸರ್ ಯಾವ ಹಾಡು ಅಂತ ಕೇಳಿದರು. ನಾನೇ ಬರೆದದ್ದು ಸರ್ ಅಂದೆ. ಅವರು ಪೆನ್ನು ಕೆಳಗಿಟ್ಟರು. 'ಯಾರಿಗೂ ಗೊತ್ತಿಲ್ಲದ ಹಾಡು ಸ್ಟೇಜ್ ಮೇಲೆ ಬೇಡ. ಭಾವಗೀತೆ ಹಾಡು, ಇಲ್ಲಾ ಒಳ್ಳೆ ಸಿನಿಮಾ ಹಾಡು ಹಾಡು' ಅಂದರು. ಒರಟಾಗಿ ಹೇಳಲಿಲ್ಲ. ಬೇರೆಯವರು ಸಾಲಲ್ಲಿ ನಿಂತಿದ್ದರು, ಅವರಿಗೆ ಗಡಿಬಿಡಿ ಇತ್ತು. ನಾನು ಸರಿ ಸರ್ ಅಂದೆ. ಒಂದು ಭಾವಗೀತೆ ಹಾಡಿದೆ. ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಆಯಿ ಇವತ್ತಿಗೂ ಅದರಲ್ಲಿ ಕೊಕಂ ಸಿಪ್ಪೆ ಹಾಕಿಡುತ್ತಾಳೆ.

ಜನವರಿ 26ಕ್ಕೆ ಅಮೆರಿಕದಲ್ಲಿ ಗ್ರ್ಯಾಮಿ ಪ್ರಶಸ್ತಿ. ರಾಯಲ್ಸ್‌ಗೆ ವರ್ಷದ ಹಾಡು ಅನ್ನುವ ಪ್ರಶಸ್ತಿ ಬಂತು. ಅದು ಹಾಡು ಬರೆದವರಿಗೆ ಕೊಡುವ ಪ್ರಶಸ್ತಿ, ಅದಕ್ಕೇ ನನಗೆ ಅದರ ಮೇಲೆ ಜಾಸ್ತಿ ಪ್ರೀತಿ. ಏಕವ್ಯಕ್ತಿ ಪಾಪ್ ಗಾಯನಕ್ಕೆ ಇನ್ನೊಂದು ಬಂತು. ಅವಳಿಗೆ ಹದಿನೇಳು. ಕಾಲೇಜಿನ ಲೈಬ್ರರಿಯಲ್ಲಿ ಪೇಪರಿನ ಒಳಪುಟದಲ್ಲಿ ಬೆರಳುದ್ದದ ಫೋಟೋ ಇತ್ತು. ಲೈಬ್ರರಿಯ ಪೇಪರು ಹರಿಯಬಾರದು. ನಾನು ಹರಿದೆ.

ಆ ಸರ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆಕ್ಲಂಡಿನ ಕಂಪನಿಯವರು ಹನ್ನೆರಡು ಹದಿಮೂರರ ಹುಡುಗಿಯ ಬಾಯಲ್ಲಿ ನಾನೇ ಬರೆಯುತ್ತೇನೆ ಅನ್ನುವುದನ್ನು ಕೇಳಿ ತಮ್ಮ ಯೋಚನೆ ಬದಲು ಮಾಡಿದರಲ್ಲ, ಅದು ಎಷ್ಟು ಅಪರೂಪ ಅಂತ ನನಗೆ ಆವತ್ತು ಗೊತ್ತಾಯಿತು. ಅವಳ ಪ್ರತಿಭೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವಳಿಗೆ ಸಿಕ್ಕಿದ ಸಮಯದ ಬಗ್ಗೆ ಯಾರಾದರೂ ಬರೆಯಬೇಕು. 2009ರಿಂದ 2012ರ ತನಕ ಅವಳ ಹಾಡು ಯಾವುದೂ ಹೊರಗೆ ಬರಲಿಲ್ಲ. ಅವಸರ ಮಾಡಿದ್ದರೆ ಹದಿಮೂರಕ್ಕೇ ಒಂದು ಆಲ್ಬಮ್ ಬರುತ್ತಿತ್ತು, ಬೇರೆಯವರ ಹಾಡುಗಳದು. ನಾಲ್ಕು ಜನ ಕೇಳಿ ಮರೆಯುತ್ತಿದ್ದರು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಅವಳು ಸಂದರ್ಶನಗಳಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳು ಅಂದರೆ, ಇವಳಿಗೆ ಹದಿನೇಳು ಇರಲಿಕ್ಕಿಲ್ಲ, ವಯಸ್ಸು ಸುಳ್ಳು ಹೇಳುತ್ತಿದ್ದಾಳೆ ಅಂತ ಜನ ಅನುಮಾನಪಟ್ಟರು. 2014ರಲ್ಲಿ ಅಮೆರಿಕದ ಒಂದು ವೆಬ್‌ಸೈಟಿನವರು ನ್ಯೂಜಿಲೆಂಡಿನಿಂದ ಅವಳ ಜನನ ಪ್ರಮಾಣಪತ್ರವನ್ನೇ ತರಿಸಿ ನೋಡಿದರು. ಅವಳು ಹೇಳಿದ್ದೇ ನಿಜ. ಹುಡುಗಿ ವಿಚಾರ ಮಾಡಿ ಮಾತಾಡಿದರೆ ಅವಳ ವಯಸ್ಸಿನ ಮೇಲೇ ಅನುಮಾನ. ಇದು ಓದಿದಾಗ ಬೇಜಾರಾಯಿತು. ನಮ್ಮಲ್ಲೂ ಹದಿನಾರರ ಹುಡುಗಿ ಒಳ್ಳೆಯ ಕವಿತೆ ಬರೆದರೆ ಮೊದಲು ಬರುವ ಪ್ರಶ್ನೆ, 'ಯಾರು ಬರೆದುಕೊಟ್ಟರು?' ಎಂಬುದು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡನೇ ಆಲ್ಬಮ್ ಬರಲು 2017ರ ತನಕ ಕಾದಳು. ಮೂರನೆಯದು 2021ರಲ್ಲಿ. ಅದೇ ವರ್ಷ ಅದರ ಐದು ಹಾಡುಗಳನ್ನು ತನ್ನ ನೆಲದ ಮಾವೊರಿ ನುಡಿಯಲ್ಲಿ ಹಾಡಿ ತಂದಳು. 2025ರಲ್ಲಿ ನಾಲ್ಕನೆಯದು ಬಂತು. ಎಲ್ಲವನ್ನೂ ಕೇಳಿದ್ದೇನೆ. ಎರಡನೆಯದು ಎಲ್ಲಕ್ಕಿಂತ ಚೆನ್ನಾಗಿದೆ ಅಂತ ತಿಳಿದವರು ಹೇಳುತ್ತಾರೆ, ಇರಬಹುದು. ನನಗೆ ಮೊದಲನೆಯದೇ. ಅದರಲ್ಲಿ ಶಾಲೆಗೆ ಹೋಗುವ ಹುಡುಗಿ ಇದ್ದಾಳೆ.

ನಾನು ಈಗ ಕುಮಟೆಯ ಒಂದು ಸೊಸೈಟಿಯಲ್ಲಿ ಕೌಂಟರಿನಲ್ಲಿ ಕೂರುತ್ತೇನೆ. ವಾರಪೂರ್ತಿ ರೂಮು, ಶನಿವಾರ ಸಂಜೆ ತಾರಿ ಹತ್ತಿ ಮನೆಗೆ. ಬರೆಯುವುದು ನಿಂತಿಲ್ಲ. ಇಪ್ಪತ್ತಮೂರು ಹಾಡು ಇವೆ, ಎಲ್ಲ ಈ ಹೊಳೆಯ ಆಚೆ ಈಚೆಯವೇ. ಧ್ವನಿಮುದ್ರಣ ಮಾಡಿದ್ದು ಒಂದೂ ಇರಲಿಲ್ಲ. ಹೋದ ನವೆಂಬರ್‌ನಲ್ಲಿ, ಆ ಮೊದಲ ಹಾಡನ್ನಾದರೂ ಫೋನಿನಲ್ಲಿ ಸರಿಯಾಗಿ ಹಿಡಿಯಬೇಕು ಅನ್ನಿಸಿತು. ಮನೆಯಲ್ಲಿ ಮಾಡಿ ನೋಡಿದೆ, ಕೋಣೆ ಕಿವುಡಾಗಿ ಕೇಳುತ್ತದೆ. ದಕ್ಕೆಯಲ್ಲಿ ಬೋಟಿನ ಸದ್ದು. ಹಾಡು ಹುಟ್ಟಿದ್ದು ತಾರಿಯಲ್ಲಿ, ಅಲ್ಲೇ ಹಾಡಬೇಕು ಅಂತ ಮನಸ್ಸು. ಆದರೆ ತಾರಿಯ ಎಂಜಿನ್ ಸದ್ದಿಗೆ ಪಕ್ಕದವರ ಮಾತೇ ಕೇಳುವುದಿಲ್ಲ.

ತಾರಿ ಮಾವನಿಗೆ ಈಗ ವಯಸ್ಸಾಗಿದೆ. ಹೆಚ್ಚಾಗಿ ಮಗನೇ ನಡೆಸುತ್ತಾನೆ, ಶನಿವಾರ ಸಂಜೆ ಮಾತ್ರ ಅವರು ಬರುತ್ತಾರೆ. ಅವರ ಹತ್ತಿರ ಹೋಗಿ ವಿಷಯ ಹೇಳಿದೆ. ಯಾವ ಹಾಡು ಅಂತ ಹೇಳಲಿಲ್ಲ, ಹಾಡಬೇಕು ಅಂತ ಮಾತ್ರ ಹೇಳಿದೆ. ಅವರು ನೀರು ನೋಡಿದರು. 'ಇಳಿತ ಉಂಟು ತಂಗಿ. ಎಂಜಿನ್ ಬಂದ್ ಮಾಡಿದರೆ ಅಳಿವೆ ಕಡೆಗೆ ಎಳೀತದೆ. ಮೂರು ನಿಮಿಷ. ಅಷ್ಟರೊಳಗೆ ಮುಗಿಸು' ಅಂದರು.

ನಡು ಹೊಳೆಗೆ ಬಂದಾಗ ಎಂಜಿನ್ ನಿಂತಿತು. ಎಂಟು ಹತ್ತು ಜನ ಇದ್ದರು, ಎರಡು ಬೈಕು, ಖಾಲಿ ಮೀನು ಬುಟ್ಟಿ ಇಟ್ಟುಕೊಂಡ ಒಬ್ಬರು ಅಮ್ಮ. ಎಲ್ಲರೂ ಸುಮ್ಮನಾದರು. ದೋಣಿಯ ಪಕ್ಕೆಗೆ ನೀರು ಬಡಿಯುವ ಸದ್ದು ಅಷ್ಟೇ. ನಾನು ಚಿಟಿಕೆ ಶುರು ಮಾಡಿದೆ. ಮೊದಲ ನುಡಿ ಮುಗಿಯುವ ಹೊತ್ತಿಗೆ ಆ ಮೀನಿನ ಅಮ್ಮನೂ ಬುಟ್ಟಿಯ ಅಂಚಿಗೆ ಬೆರಳಲ್ಲಿ ತಾಳ ಹಾಕುತ್ತಿದ್ದರು.

ಪಲ್ಲವಿಗೆ ಬಂದೆ. ಇದ್ದವರು ಇವತ್ತು ಕೊಡಿ, ಇಲ್ಲದವರು ನಾಳೆ ಕೊಡಿ.

ತಾರಿ ಮಾವ ತಟ್ಟನೆ ನನ್ನ ಕಡೆ ತಿರುಗಿದರು. ಎರಡನೇ ಸಲ ಪಲ್ಲವಿ ಬಂದಾಗ ಮುಖ ಆಚೆ ಮಾಡಿ ಅಳಿವೆಯ ಕಡೆಗೆ ನೋಡುತ್ತಾ ನಿಂತರು. ಮೂರು ನಿಮಿಷ ದಾಟಿತು. ದೋಣಿ ಸಮುದ್ರದ ಕಡೆಗೆ ಸರಿಯುತ್ತಲೇ ಇತ್ತು. ಬೈಕಿನವನೊಬ್ಬ ಏನೋ ಹೇಳಲು ಬಾಯಿ ತೆಗೆದ, ಮಾವ ಕೈಯೆತ್ತಿ ಸುಮ್ಮನಿರು ಅಂತ ಸನ್ನೆ ಮಾಡಿದರು. ನಾನು ಮೂರನೇ ನುಡಿಯನ್ನೂ ಹಾಡಿ ಮುಗಿಸಿದ ಮೇಲೆಯೇ ಅವರು ಬಗ್ಗಿ ಎಂಜಿನ್ ಹಗ್ಗ ಎಳೆದರು.